ಅವ್ವ ತೂರಿದ ಹಿಡಿ ಮಣ್ಣು

ಮಣ್ಣು ತೂರಿ ಶಾಪ ಹಾಕಿದರೆ ತಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಎದುರಿಗೇ ನಗುತ್ತಿದ್ದೆ. ಯಲಬುರ್ಗಾ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಶಾಪ, ಮಾಟ, ದೃಷ್ಟಿ ಇವೆಲ್ಲ ಕೈಲಾಗದವರು ಸಿಟ್ಟು ತೀರಿಸಿಕೊಳ್ಳುವ ದಾರಿ ಎಂದು ಮಕ್ಕಳಿಗೆ ಹೇಳುತ್ತ ಬಂದವನು. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಹೇಳುವಾಗ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಬೆಂಚು ನೆನಪಾಗಿ ಮಾತು ತಡವರಿಸುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಅಕ್ಕ ನಿಂಗವ್ವ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಗಂಗಾವತಿ ಕಡೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ನನ್ನನ್ನು ಓದಿಸಿದವಳು ಅವಳು. ಅವಳ ಪಿತ್ತಕೋಶದಲ್ಲಿ ಕಲ್ಲಾಗಿ, ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದೆವು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬತೊಡಗಿತು. ಜ್ವರ ಬಂತು. ನೀರು ಕುಡಿದರೂ ವಾಂತಿ. ತಿರುಗಿ ಕರೆದುಕೊಂಡು ಹೋದರೆ ಆ ಸರ್ಜನ್ ಹೊಟ್ಟೆ ಮುಟ್ಟಿ ಕೂಡ ನೋಡಲಿಲ್ಲ.

"ಗ್ಯಾಸ್ ಐತ್ರಿ, ಏನೂ ಆಗೂದಿಲ್ಲ. ಜೀರಿಗಿ ನೀರು ಕುಡಸ್ರಿ," ಎಂದ.

ಮತ್ತೆ ಹೋದೆವು, ಮತ್ತೆ ಅದೇ ಜೀರಿಗೆ ನೀರು. ಅಷ್ಟರಲ್ಲಿ ಅಕ್ಕನ ಕಣ್ಣು ಹಳದಿಯಾಗಿತ್ತು. ಇನ್ನೊಮ್ಮೆ ಹೋದಾಗ ಅವನಿಗೆ ಸಿಟ್ಟು ಬಂತು. ಡಾಕ್ಟರ್ ನಾನೋ ನೀವೋ ಎಂದು ಕೇಳಿ, ಆಳುಗಳಿಗೆ ಹೇಳಿ ನಮ್ಮನ್ನು ಹೊರಗೆ ಹಾಕಿಸಿದ. ನರಳುವ ಅಕ್ಕನನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವ್ವನ ಪಕ್ಕ ಕೂರಿಸಿ ನಾನು ಗಾಡಿ ಹುಡುಕುತ್ತಿದ್ದೆ.

ಆಸ್ಪತ್ರೆಯ ಮಗ್ಗುಲಿಗೇ ಅಕ್ಕಿ ಮಿಲ್ಲು. ಅಲ್ಲಿನ ರಸ್ತೆಯ ಮಣ್ಣಿನಲ್ಲಿ ಸದಾ ಭತ್ತದ ಹೊಟ್ಟು ಬೆರೆತಿರುತ್ತದೆ. ಸರ್ಜನ್ ಊಟಕ್ಕೆಂದು ಕಾರಿನ ಕಡೆ ಬಂದಾಗ ಅವ್ವ ಬಗ್ಗಿ ಆ ಮಣ್ಣನ್ನು ಹಿಡಿ ತುಂಬ ಬಾಚಿಕೊಂಡಳು. ನೆಟ್ಟಗೆ ಅವನ ಮುಖಕ್ಕೇ ತೂರಿದಳು.

"ನನ್ನ ಮಗಳ ಹೊಟ್ಟ್ಯಾಗ ಏನ್ ಉರಿಯಾಕತ್ತೈತೋ, ಅದು ನಿನ್ನ ಹೊಟ್ಟ್ಯಾಗೂ ಉರೀಲಿ."

ಅವನು ಹಣೆಯಿಂದ ಗದ್ದದವರೆಗೆ ಅಂಗೈಯಿಂದ ಒಮ್ಮೆ ಒರೆಸಿಕೊಂಡು ನಕ್ಕುಬಿಟ್ಟ. ನಮ್ಮ ಕಡೆ ಹೀಗೆ ಮಣ್ಣು ತೂರಿದವರು ತಿರುಗಿ ನೋಡಬಾರದು. ಅವ್ವ ನೋಡಲಿಲ್ಲ. ನಾನು ನೋಡಿದೆ. ಅವನ ಆ ನಗು ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಅವ್ವನನ್ನು ತಡೆಯಬೇಕು ಎಂದೂ ನನಗನಿಸಲಿಲ್ಲ. ಶಾಪದ ಮೇಲೆ ನಂಬಿಕೆ ಇರಲಿಲ್ಲ ನಿಜ, ಆದರೆ ಕೈಗೆ ಕಲ್ಲು ಸಿಕ್ಕಿದ್ದರೆ ನಾನು ಕಲ್ಲನ್ನೇ ಎಸೆಯುತ್ತಿದ್ದೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ನೋಡಿದ ಕೂಡಲೇ ವಿಷಯ ತಿಳಿಯಿತು. ಪಿತ್ತಕೋಶ ತೆಗೆದ ಜಾಗದಲ್ಲಿ ಹಾಕಿದ ಕ್ಲಿಪ್ ಸಡಿಲಾಗಿ, ಪಿತ್ತರಸ ಸೋರಿ ಹೊಟ್ಟೆಯೊಳಗೆ ತುಂಬಿಕೊಂಡಿತ್ತು. ಇನ್ನೂ ತಡ ಮಾಡಿದ್ದರೆ ಅಕ್ಕ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ತುಂಬಿದ್ದನ್ನು ನಳಿಕೆ ಹಾಕಿ ಹೊರಗೆ ತೆಗೆದರು. ಮತ್ತೆ ಹೊಟ್ಟೆ ಕೊಯ್ಯಲಿಲ್ಲ. ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಪಿತ್ತನಾಳದ ಬಾಯಿ ಹುಡುಕಿ, ಅದರೊಳಗೆ ಸ್ಟೆಂಟ್ ಎನ್ನುವ ಸಣ್ಣ ಪ್ಲಾಸ್ಟಿಕ್ ಕೊಳವೆ ಕೂರಿಸಿದರು. ಪಿತ್ತ ಕರುಳಿನ ದಾರಿ ಹಿಡಿಯಿತು. ಸೋರುವುದು ನಿಂತಿತು. ಕೆಲವು ವಾರಗಳ ನಂತರ ಬಂದು ಸ್ಟೆಂಟ್ ತೆಗೆಸಿಕೊಳ್ಳಿ ಎಂದು ಕಳಿಸಿದರು. ಆ ವಾರಗಳಲ್ಲಿ ನಾನು ಪಾಠ ಮಾಡುತ್ತಲೇ ಮನಸ್ಸಿನೊಳಗೆ ಆ ಸರ್ಜನ್‌ನ ಕೊರಳಪಟ್ಟಿ ಹಿಡಿದು ಜಗ್ಗುತ್ತಿದ್ದೆ. ಅವನಿಗೂ ಹೀಗೇ ಆಗಬೇಕು, ಯಾರೋ ಅವನಿಗೂ ಗ್ಯಾಸ್ ಎನ್ನಬೇಕು ಎಂದುಕೊಳ್ಳುತ್ತಿದ್ದೆ.

ಸ್ಟೆಂಟ್ ತೆಗೆಸಲು ಹೋದ ದಿನ ಅಕ್ಕನನ್ನು ಒಳಗೆ ಕರೆದುಕೊಂಡರು. ನಾನೂ ಅವ್ವನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಎಂಡೋಸ್ಕೋಪಿ ಕೋಣೆಯಿಂದ ಆಗಷ್ಟೇ ಹೊರಗೆ ತಂದಿದ್ದ ಸ್ಟ್ರೆಚರ್ ಒಂದು ನಮ್ಮೆದುರಿಗೇ ನಿಂತಿತ್ತು. ಅದರ ಮೇಲೆ ಮಲಗಿದ್ದವನು ಅವನೇ. ಮುಖ ಅರಿಷಿಣ ಬಳಿದಂತಿತ್ತು.

ಅವನ ಹೆಂಡತಿಗೆ ನಮ್ಮ ಗುರುತಿರಲಿಲ್ಲ. ಪಾಪ, ತಾನಾಗಿಯೇ ಅವ್ವನ ಪಕ್ಕದಲ್ಲಿ ಕೂತು, ಅಕ್ಕನ ಕಾಯಿಲೆ ಏನೆಂದು ಕೇಳಿ ತಿಳಿದುಕೊಂಡು, ತನ್ನ ಕಷ್ಟವನ್ನೂ ಹೇಳಿಕೊಂಡಳು. ಗಂಡನಿಗೂ ಪಿತ್ತಕೋಶದಲ್ಲಿ ಕಲ್ಲು ಇತ್ತಂತೆ. ಗೆಳೆಯನೇ ಆಪರೇಷನ್ ಮಾಡಿದನಂತೆ. ಆಮೇಲೆ ಹೊಟ್ಟೆನೋವು ಎಂದರೆ ಗ್ಯಾಸ್ ಎಂದನಂತೆ. ಕಾಮಾಲೆ ಏರಿದ ಮೇಲೆ ಇಲ್ಲಿಗೆ ಬಂದರಂತೆ.

"ನೋಡ್ರಿ, ನಾಳದಾಗ ಇದು ಸಿಕ್ಕೊಂಡಿತ್ತಂತ," ಎಂದು ಒಳಗಿನವರು ಕೊಟ್ಟ ಸಣ್ಣ ಬಾಟಲಿ ತೋರಿಸಿದಳು.

ನಾನು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ತಳದಲ್ಲಿ ಕಪ್ಪು ಮಣ್ಣಿನಂಥ ಕೆಸರು. ಕೆಸರಿನಲ್ಲಿ ಒಂದು ಭತ್ತದ ಹೊಟ್ಟು. ಬೆನ್ನ ಮೇಲಿನ ಗೆರೆ, ತುದಿಯ ಚೂಪು ಎಲ್ಲ ಇತ್ತು. ನಾಟಿ ಮಾಡುವ ಮನೆಯಲ್ಲಿ ಬೆಳೆದವನು ನಾನು, ಹೊಟ್ಟು ಯಾವುದು ಅಲ್ಲ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಟಲಿಯನ್ನು ಅವಳ ಕೈಗೆ ತಿರುಗಿ ಕೊಟ್ಟೆ.

ತಲೆ ಎತ್ತಿದೆ. ಅವನು ಅವ್ವನನ್ನೇ ನೋಡುತ್ತಿದ್ದ. ನೋಡುತ್ತಲೇ ಕೈ ಎತ್ತಿ, ಹಣೆಯಿಂದ ಗದ್ದದವರೆಗೆ ಒಮ್ಮೆ ಮುಖ ಒರೆಸಿಕೊಂಡ. ಮುಖದ ಮೇಲೆ ಏನೂ ಇರಲಿಲ್ಲ.

"ನಿಮ್ಮ ಮಗಳಿಗೂ ಹಿಂಗ ಆಗಿತ್ತಂತಲ್ರಿ ಅಮ್ಮಾ," ಹೆಂಡತಿ ಕೇಳಿದಳು. "ಮನಿಗೆ ಹೋದ ಮ್ಯಾಲ ಇವರಿಗೆ ಏನ್ ಕೊಡ್ಲಿ?"

ಅವ್ವ ಅವಳ ಕಡೆ ನೋಡಲಿಲ್ಲ. ಸ್ಟ್ರೆಚರ್ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು.

"ಜೀರಿಗಿ ನೀರು ಕುಡಸು, ಯವ್ವಾ."

ಅವನು ಕಣ್ಣು ಮುಚ್ಚಿಕೊಂಡ. ಅಷ್ಟು ಸುಖ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಅಕ್ಕನ ಸ್ಟೆಂಟ್ ತೆಗೆದ ಡಾಕ್ಟರನ್ನು ಆಮೇಲೆ ಬೇರೆ ನೆಪದಲ್ಲಿ, ಪಿತ್ತನಾಳದಲ್ಲಿ ಹೊಟ್ಟಿನಂಥದ್ದು ಸಿಗಬಹುದೇ ಎಂದು ಕೇಳಿದೆ. ಪಿತ್ತ ಗಟ್ಟಿಯಾದರೆ ಯಾವ ಆಕಾರವನ್ನಾದರೂ ತಾಳುತ್ತದೆ ಎಂದರು. ಇರಬಹುದು. ಗಂಗಾವತಿಯಲ್ಲಿ ಇರುವವರ ಮೂಗು ಬಾಯಿಗೆ ಹೊಟ್ಟು ಹೋಗುವುದೂ ಹೊಸದಲ್ಲ. ಆದರೆ ಅಲ್ಲಿಂದ ಪಿತ್ತನಾಳಕ್ಕೆ ದಾರಿ ಯಾವುದು ಎಂದು ನನ್ನ ವಿಜ್ಞಾನ ಇವತ್ತಿನವರೆಗೂ ಹೇಳಿಲ್ಲ. ಅವನು ಬದುಕಿದ ಎಂದು ಕೇಳಿದ್ದೇನೆ. ನನಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ, ಈಗಲೂ ಇಲ್ಲ.

ಊರಿಗೆ ಬರುವ ಬಸ್ಸಿನಲ್ಲಿ ಅಕ್ಕ ಅವ್ವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನಾನು ತಡೆಯಲಾರದೆ ಕೇಳಿದೆ.

"ಬಾಟಲಿಯೊಳಗ ಏನಿತ್ತು ಅಂತ ನೀ ನೋಡಿದೇನವ್ವಾ?"

ಅವ್ವ ಕಿಟಕಿಯ ಹೊರಗಿಂದ ಕಣ್ಣು ತೆಗೆಯಲಿಲ್ಲ.

"ತೂರಿದ ಮ್ಯಾಲ ತಿರುಗಿ ನೋಡಬಾರದು, ತಮ್ಮಾ," ಎಂದಳು.