ಎರಡು ಸಲ ಜಗ್ಗುವ ಕಂಬಿ

ಮಕ್ಕಳ ವಾರ್ಡಿನಲ್ಲಿ ಅವಳ ನಿಜವಾದ ಹೆಸರು ಯಾವತ್ತೋ ಮರೆತುಹೋಗಿತ್ತು. ಎಲ್ಲರ ಬಾಯಲ್ಲೂ ಅವಳು ಕಂಬಿ ಸಿಸ್ಟರ್. ಪುಟ್ಟ ಮಂಚಗಳ ಪಕ್ಕಕ್ಕೆ ಏರಿಸಿ ಇಳಿಸುವ ಕಬ್ಬಿಣದ ಕಂಬಿಗಳಿದ್ದವಲ್ಲ, ಸೂಜಿ ಚುಚ್ಚಲಿ, ಬರೀ ಮೂಗು ಒರೆಸಲಿ, ಕಂಬಿ ಏರಿಸಿ ಎರಡು ಸಲ ಜಗ್ಗದೆ ಅವಳು ಮಂಚ ಬಿಟ್ಟು ಕದಲುತ್ತಿರಲಿಲ್ಲ. ಮೊದಲ ಸಲ ಚಿಲಕ ಕೂತಿದೆಯೇ ಎಂದು ನೋಡಲು, ಎರಡನೆಯ ಸಲ ಮೊದಲನೆಯದನ್ನು ನಂಬದೆ. ಮನೆಯ ಬೀಗವನ್ನೂ ಹೀಗೇ ಜಗ್ಗುತ್ತಾಳೆಂದು ಗಂಡ ನಗುತ್ತಿದ್ದ. ನಗಲಿ ಬಿಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಕೋಣೆಯಲ್ಲಿ ಒಂದು ಮಗು ಮಂಚದಿಂದ ಕಲ್ಲಿನ ನೆಲಕ್ಕೆ ಬಿದ್ದ ಸದ್ದನ್ನು ಕೇಳಿದವಳು ಅವಳು.

ಕಿಟಕಿ ಪಕ್ಕದ ಮಂಚಕ್ಕೆ ನ್ಯುಮೋನಿಯಾ ಆದ ಒಂದೂವರೆ ವರ್ಷದ ಹುಡುಗಿ ಬಂದಳು, ಜೊತೆಗೆ ಅಜ್ಜಿ. ಉಸಿರು ಸರಿಹೋದದ್ದೇ ತಡ, ಕೂಸು ಕಂಡದ್ದನ್ನೆಲ್ಲ ಹತ್ತತೊಡಗಿತು.

"ಮಗೂನ ಜೈಲಿಗೆ ಹಾಕಿದ ಹಾಗಿದೆ!" ಅಜ್ಜಿ ರೇಗಿದಳು. "ಆರು ಮಕ್ಕಳನ್ನ ಸಾಕಿದೀನಿ, ಇದೊಂದನ್ನ ನೋಡ್ಕೊಳಲ್ವಾ?"

"ನೋಡ್ಕೋತೀರಿ ಅಜ್ಜಿ. ನಿಮ್ಮ ಕಣ್ಣು ಮುಚ್ಚಿದಾಗ ಕಂಬಿ ನೋಡ್ಕೊಳುತ್ತೆ."

ದೂರು ಹಿರಿಯ ನರ್ಸಿನ ತನಕ ಹೋಯಿತು. "ಸ್ವಲ್ಪ ಹೊಂದ್ಕೊಂಡು ಹೋಗಮ್ಮ" ಎಂದರು ಅವರು.

"ಮಾತಲ್ಲಿ ಹೊಂದ್ಕೋತೀನಿ ಮೇಡಂ. ಕಂಬಿ ವಿಷಯದಲ್ಲಿ ಇಲ್ಲ."

ಅಜ್ಜಿ ಕೊನೆಗೆ ಜಗಳ ಬಿಟ್ಟಳು. ಆದರೆ ಮೊಮ್ಮಗಳ ತಲೆ ಕಬ್ಬಿಣಕ್ಕೆ ತಾಗುವುದನ್ನು ನೋಡಲಾರದೆ, ಸಿಸ್ಟರ್ ಅತ್ತ ಹೋದಾಗ ಖಾಲಿ ಮಂಚಗಳ ದಿಂಬುಗಳನ್ನೆಲ್ಲ ಬಾಚಿ ತಂದು ಕಂಬಿಯ ಒಳಬದಿಗೆ ಒಂದರ ಮೇಲೊಂದು ಪೇರಿಸಿದಳು. ಇನ್ನು ಭಯವಿಲ್ಲ ಎಂದುಕೊಂಡು ಕುರ್ಚಿಯಲ್ಲೇ ತೂಕಡಿಸಿದಳು. ದಿಂಬು ಅಜ್ಜಿಗೆ ಗೋಡೆ. ಹತ್ತುವ ಕೂಸಿಗೆ ಅದು ಮೆಟ್ಟಿಲು.

ವಾರ್ಡಿನ ಆ ತುದಿಯಲ್ಲಿ ಇಂಜೆಕ್ಷನ್ ತುಂಬುತ್ತಿದ್ದ ಸಿಸ್ಟರ್ ತಲೆಯೆತ್ತಿದರೆ, ಮಗು ಸೊಂಟದವರೆಗೂ ಕಂಬಿಯ ಮೇಲಿತ್ತು! ಕೂಗಿದರೆ ಮಗು ಬೆಚ್ಚಿಬೀಳುತ್ತದೆ. ಸಿರಿಂಜನ್ನು ತಟ್ಟೆಗೆ ಹಾಕಿ, ಆಟದ ದನಿ ತೆಗೆದು, ಓಡದೆ ಬಿರಬಿರನೆ ನಡೆದಳು. "ಯಾರಪ್ಪಾ ಅದು ಅಷ್ಟೆತ್ತರದಲ್ಲಿ?"

ಕೂಸಿಗೆ ಖುಷಿಯೋ ಖುಷಿ. ನಕ್ಕು ಎರಡೂ ಕೈ ಚಾಚಿತು, ಮುಗ್ಗರಿಸಿತು. ಸಿಸ್ಟರ್ ಹಾರಿ ಹಿಡಿದ ರಭಸಕ್ಕೆ ಅವಳ ಮಂಡಿ ನೆಲಕ್ಕೆ ಬಡಿಯಿತು. ಮಗುವಿನ ಕೈಯ ಔಷಧಿ ನಳಿಕೆ ಕಿತ್ತುಬಂದು ನಾಲ್ಕು ಹನಿ ರಕ್ತ ಬಂತು. ಕೂಸು ವಾರ್ಡು ಹಾರಿಹೋಗುವಂತೆ ಅತ್ತಿತು. ಆ ಅಳುವಿನಷ್ಟು ಇಂಪಾದದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ತಲೆಗೆ ತಾಗಬಾರದು ಅಂತ ಇಟ್ಟೆನಮ್ಮಾ..." ಅಜ್ಜಿ ಕುರ್ಚಿಯಿಂದ ಎದ್ದು ಓಡಿ ಬಂದಳು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಸಿಸ್ಟರ್ ನುಂಗಿಕೊಂಡಳು. "ಗೊತ್ತು ಅಜ್ಜಿ. ಆದ್ರೆ ಇನ್ಮೇಲೆ ಇಲ್ಲಿ ಒಂದು ದಿಂಬೂ ಇರಲ್ಲ." ಡಾಕ್ಟರು ಮಗುವನ್ನು ಪರೀಕ್ಷಿಸಿ ಏನೂ ಆಗಿಲ್ಲ ಎಂದ ಮೇಲೆ, ಕುಂಟುತ್ತಲೇ ಎಲ್ಲ ದಿಂಬುಗಳನ್ನೂ ಹೊತ್ತುಕೊಂಡು ಹೋಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಬೀಗವನ್ನೂ ಎರಡು ಸಲ ಜಗ್ಗಿದಳು.

ಮರುದಿನ ಎದುರು ಮಂಚಕ್ಕೆ ಹೊಸ ಮಗು ಬಂತು. ಅದರ ತಾಯಿ ಕಂಬಿ ಇಳಿಸಿ ಕೂತದ್ದನ್ನು ಕಂಡು ಅಜ್ಜಿಯೇ ಎದ್ದು ಹೋದಳು. ಕಂಬಿ ಏರಿಸಿ, ಒಂದು ಸಲ, ಎರಡು ಸಲ ಜಗ್ಗಿ ತೋರಿಸಿದಳು.

ಅಷ್ಟರಲ್ಲಿ ಸಿಸ್ಟರ್ ಬಂದು ಮತ್ತೆರಡು ಸಲ ಜಗ್ಗಿದಳು.

"ನಾನು ಜಗ್ಗಿದೀನಲ್ಲಮ್ಮಾ!" ಎಂದಳು ಅಜ್ಜಿ.

"ನಾನಿನ್ನೂ ಜಗ್ಗಿರ್ಲಿಲ್ವಲ್ಲ ಅಜ್ಜಿ."