ಜಾಗ ಬಿಟ್ಟ ಹಸಿರು ಗುಂಡಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಹೆಂಡತಿಯ ಕರೆಯನ್ನು ಮತ್ತೆ ಮತ್ತೆ ಕಟ್ ಮಾಡಿದೆ. ತಪ್ಪು ನನ್ನದಲ್ಲ. ಅಪ್‌ಡೇಟ್ ಆದ ಫೋನು ಹಸಿರು ಗುಂಡಿಯನ್ನು ಎಡದಿಂದ ಬಲಕ್ಕೆ ಸಾಗಿಸಿ, ಎಡಕ್ಕೆ ಕೆಂಪನ್ನು ತಂದು ಕೂರಿಸಿತ್ತು. ಅವಳೋ ಮಾರತ್ತಹಳ್ಳಿ ಬಸ್ ಸ್ಟಾಪಿನಲ್ಲಿ ಲಗೇಜು ಹಿಡಿದು ನನ್ನ ಕಾರಿಗೆ ಕಾಯುತ್ತಿದ್ದಳು.

ಕೀ ಹಿಡಿದು ಓಡಿದರೆ ಲಿಫ್ಟಿನಲ್ಲಿ ಮೇಲಿನ ಮನೆಯ ಶ್ವೇತಾ. ಅದೇ ಫೋನ್ ಕಂಪನಿಯಲ್ಲಿ ಡಿಸೈನರ್. ಸಿಕ್ಕಿದ್ದೇ ಸಾಕೆಂದು ಜಗಳಕ್ಕೆ ನಿಂತೆ.

“ಆ ಹಸಿರು ಗುಂಡಿ ಯಾಕಮ್ಮ ಜಾಗ ಬಿಡ್ತು?”

“ಅದು ನಮ್ ಟೀಮೇ ಮಾಡಿದ್ದು ಅಂಕಲ್! ಯೂಸರ್ಸ್‌ಗೆ ಈಸಿ ಆಗ್ಲಿ ಅಂತ.”

“ಇಷ್ಟು ವರ್ಷದಿಂದ ನಾನೂ ಯೂಸರ್ರೇ ಕಣಮ್ಮ. ನನ್ನ ಯಾರೂ ಕೇಳ್ಲಿಲ್ವಲ್ಲ?”

“ಸ್ವಲ್ಪ ದಿನ ಅಷ್ಟೇ, ಅಭ್ಯಾಸ ಆಗ್ಬಿಡುತ್ತೆ.”

ಲಿಫ್ಟಿನಿಂದ ಹೊರಬರುತ್ತಿದ್ದಂತೆ ಅವಳ ಫೋನು ರಿಂಗಾಯಿತು. ಪರದೆಯ ಮೇಲೆ ‘ಅತ್ತೆ’. ಅವಳು ಗಡಿಬಿಡಿಯಲ್ಲಿ ಎಡಕ್ಕೆ ಒತ್ತಿದಳು. ಕಟ್!

“ಥೂ, ದರಿದ್ರದ್ದು!” ಎಂದಳು.

“ಬಲಗಡೆ ಒತ್ಬೇಕಮ್ಮ,” ಎಂದೆ.

ಕಾದು ಸಾಕಾಗಿ ಹೆಂಡತಿ ಆಟೋದಲ್ಲಿ ಬಂದಳು, ಇನ್ನೂ ಮಾತಾಡಿಲ್ಲ. ಆದರೂ ಕಂಪನಿಯ ಮೇಲಿನ ನನ್ನ ಸಿಟ್ಟು ಇಳಿದಿದೆ. ಗೋಳು ಹೊಯ್ದುಕೊಳ್ಳುವುದರಲ್ಲಿ ತಮ್ಮವರು, ಪರರು ಎಂಬ ಭೇದ ಮಾಡದ ಇಂಥ ಕಂಪನಿ ಇನ್ನೆಲ್ಲಿ ಸಿಕ್ಕೀತು?