ಮೂರನೆಯ ಪುಟದ ಸೂರ್ಯ

ನಮ್ಮ ಮನೆಯ ಜಗಲಿಯ ಗೋಡೆಯ ಮೇಲೆ ಎರಡು ಚೌಕಟ್ಟುಗಳಿದ್ದವು. ಒಂದರಲ್ಲಿ ನನ್ನ ಅಪ್ಪ, ಇನ್ನೊಂದರಲ್ಲಿ ನಾನು ಬರೆದ ಒಂದು ಮನವಿ. ಅಪ್ಪನ ಗಾಜನ್ನು ಒರೆಸುತ್ತಿದ್ದದ್ದು ಶ್ರಾದ್ಧದ ದಿನ ಮಾತ್ರ. ಮನವಿಯ ಗಾಜಿಗೆ ವಾರಕ್ಕೊಮ್ಮೆ ಒದ್ದೆ ಬಟ್ಟೆ ತಪ್ಪುತ್ತಿರಲಿಲ್ಲ. "ಮಾವನೋರ ಮುಖದ ಮೇಲೆ ಜೇಡ ಮನೆ ಕಟ್ಟ್ಯದೆ. ಕಾಗ್ದಕ್ಕೆ ಮಾತ್ರ ಅಭಿಷೇಕ," ಎಂದು ನನ್ನ ಹೆಂಡತಿ ಗಂಗೂ ಹೇಳಿ ಹೇಳಿ ಬಾಯಿ ಸೋತಿದ್ದಳು.

ನನ್ನ ಹೆಸರು ರಾಮನಾಥ ನಾಯ್ಕ. ಅಂಕೋಲೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ, ಗಂಗಾವಳಿ ಹೊಳೆಯ ಉಪ್ಪುನೀರು ದಿನಕ್ಕೆರಡು ಸಲ ಬಂದು ಹೋಗುವ ಊರಿನವನು. ಕಾರವಾರದ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದೆ. ಆದರೆ ನಮ್ಮ ಕಡೆ ಬರೀ ರಾಮನಾಥ ಎಂದರೆ ಯಾರಿಗೂ ಗುರುತು ಸಿಗುವುದಿಲ್ಲ. ಮನವಿ ರಾಮನಾಥ ಎಂದರೆ ನಾಯಿಯೂ ದಾರಿ ತೋರಿಸುತ್ತದೆ.

ನಾನು ಮೊದಲ ಮನವಿ ಬರೆದದ್ದು ಹತ್ತನೆಯ ಇಯತ್ತೆಯಲ್ಲಿ, ಊರಿನ ತಿರುವಿನಲ್ಲಿ ಬಸ್ಸು ನಿಲ್ಲಬೇಕೆಂದು. ಬಸ್ಸು ಇವತ್ತಿಗೂ ಅಲ್ಲಿ ನಿಲ್ಲುವುದಿಲ್ಲ. ತೋಡೂರಿನ ಕಡೆ ನೌಕಾನೆಲೆಗೆ ಜಾಗ ಹೋದಾಗ ನನ್ನ ಸೋದರಮಾವನ ಪರವಾಗಿ ಹನ್ನೊಂದು ಮನವಿ ಬರೆದೆ. ಹನ್ನೊಂದನೆಯದಕ್ಕೆ ಉತ್ತರ ಬಂತು, ಅಷ್ಟು ಹೊತ್ತಿಗೆ ಮಾವ ಇರಲಿಲ್ಲ. ಹೆದ್ದಾರಿ ಅಗಲ ಮಾಡುವಾಗ ಒಂದು ಆಲದ ಮರ ಉಳಿಸಲು ಐದು ಬರೆದೆ. ಮರ ಹೋಯಿತು, ಮನವಿಗಳ ನಕಲು ಪ್ರತಿಗಳು ನನ್ನ ಕಪಾಟಿನಲ್ಲಿ ಸುಖವಾಗಿವೆ. ಹೀಗೆ ಸೋತು ಸುಣ್ಣವಾದರೂ ಜನ ನನ್ನ ಹತ್ತಿರವೇ ಬರುತ್ತಿದ್ದರು. ಯಾಕೆಂದರೆ ನನ್ನ ಅಕ್ಷರ ಚೆನ್ನಾಗಿತ್ತು, ಮತ್ತು ಬೇರೆ ಯಾರಿಗೂ ಪುರಸೊತ್ತಿರಲಿಲ್ಲ.

ಇಷ್ಟರಲ್ಲಿ ಗೆದ್ದದ್ದು ಒಂದೇ ಒಂದು. ಹದಿನಾಲ್ಕು ವರ್ಷದ ಹಿಂದೆ ನಮ್ಮ ಅಳಿವೆಯ ಬದಿಗೆ ಕಲ್ಲಿದ್ದಲಿನಿಂದ ಕರೆಂಟು ಮಾಡುವ ಸ್ಥಾವರ ಬರುವುದಿತ್ತು. ನಾನು ಮೂರು ಪುಟದ ಮನವಿ ಬರೆದೆ, ನೂರಾ ಎಂಬತ್ತು ಸಹಿ ಮತ್ತು ಹೆಬ್ಬೆಟ್ಟು ಬಿತ್ತು, ಸ್ಥಾವರ ಬರಲಿಲ್ಲ. ಕಂಪನಿಯವರೊಳಗೇ ಜಗಳವಾಯಿತಂತೆ ಎಂದು ಕೆಲವರು ಹೇಳಿದರು. ನಾನು ನನ್ನ ಮನವಿಯಿಂದ ಎಂದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು, ಆ ಕಾಗೆ ನಾನು. ಅದರ ನಕಲು ಪ್ರತಿಗೆ ಕಚೇರಿಯ ಮೊಹರು ಬಿದ್ದ ಮೊದಲ ಪುಟ ಕಾಣುವ ಹಾಗೆ ಚೌಕಟ್ಟು ಹಾಕಿಸಿದೆ. ಉಳಿದೆರಡು ಪುಟ ಅದರ ಹಿಂದೆ ಮಡಚಿ ಕೂತವು.

ಆ ಮನವಿಯ ಮೊದಲ ಹೆಬ್ಬೆಟ್ಟು ಕಾಮಿ ಗೌಡಳದು. ನನಗಿಂತ ಐದಾರು ವರ್ಷಕ್ಕೆ ಹಿರಿಯಳು, ನಾನು ಕಾಮಕ್ಕ ಎನ್ನುತ್ತೇನೆ. ಅವಳಿಗೆ ಇರುವುದು ಎರಡು ಎಕರೆ ಗಜನಿ, ಅಂದರೆ ಹೊಳೆಯ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಕಗ್ಗ ಭತ್ತ ಬೆಳೆಯುತ್ತಾಳೆ, ಉಪ್ಪು ತಾಗಿದರೂ ಸಾಯದ ಭತ್ತ ಅದು. ಸೊಂಟಮಟ್ಟ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯಬೇಕು. ಕೊಯ್ಲಾದ ಮೇಲೆ ಒಡ್ಡಿನ ಹಲಗೆ ಎತ್ತಿ ಹೊಳೆಯ ನೀರು ಬಿಟ್ಟರೆ ಬೇಸಿಗೆ ಪೂರ್ತಿ ಸಿಗಡಿ, ಏಡಿ. ಅದು ಬಿಟ್ಟರೆ ಅವಳಿಗೆ ಅಂಗೈಯಗಲ ಜಾಗವಿಲ್ಲ.

ನಮ್ಮೂರಲ್ಲಿ ಒಂದು ಪದ್ಧತಿ ಉಂಟು. ನಾನು ಬರೆದದ್ದನ್ನು ಯಾರೂ ಓದುವುದಿಲ್ಲ. ಓದಲು ಬಾರದವರ ಮಾತು ಬಿಡಿ, ಬರುವವರೂ ಓದುವುದಿಲ್ಲ. ಕಾಮಿಯ ಸೊಸೆ ಭವ್ಯಾ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವಳು, ಅವಳೂ ಕಾಗದದ ತಳ ಮಾತ್ರ ನೋಡಿ "ಸೈ ಎಲ್ಲಿ ಹಾಕೂದು?" ಎನ್ನುತ್ತಾಳೆ. "ನಾಯ್ಕರು ಬರ್ದಾರಲ, ಮತ್ತೆಂತ ನೋಡೂದು" ಎಂಬ ಮಾತು ಕೇಳಿ ಕೇಳಿ ನಾನು ಉಬ್ಬಿದ್ದೆನೇ ಹೊರತು, ಒಮ್ಮೆಯಾದರೂ ಕೂತು ಓದಿ ಹೇಳೋಣ ಎಂದು ನನಗೆ ತೋಚಲಿಲ್ಲ.

ಹೋದ ವರ್ಷ ಪಂಚಾಯ್ತಿಯ ಗೋಡೆಗೆ ನೋಟೀಸು ಬಂತು. ದೇಶದ ಇಂಗಾಲವನ್ನು ನಿವ್ವಳ ಶೂನ್ಯಕ್ಕೆ ತರುವ ಗುರಿಯ ಅಂಗವಾಗಿ ನಮ್ಮೂರಿನ ಪಾಳು ಗಜನಿಯಲ್ಲಿ ಸೌರ ವಿದ್ಯುತ್ ಘಟಕ ಬರಲಿದೆ, ಗ್ರಾಮಸ್ಥರ ಅಭಿಪ್ರಾಯ ಕೇಳುವ ಸಭೆ ಅಂಕೋಲೆಯಲ್ಲಿ ನಡೆಯಲಿದೆ ಎಂದು. ಪಾಳು ಎಂದದ್ದರಲ್ಲಿ ಕಾಮಿಯ ಎರಡು ಎಕರೆಯೂ ಸೇರಿತ್ತು. ಅದೇ ದಿನ ಹೋರಾಟ ಸಮಿತಿ ಹುಟ್ಟಿತು. ಅದರ ಅಧ್ಯಕ್ಷ ಮಂಗೇಶ, ರಿಕ್ಷಾ ಓಡಿಸುವವನು, ನಮ್ಮ ಮನೆಗೇ ಬಂದು "ಮಾಮ, ನಿಮ್ ಪೆನ್ನಿಗೆ ಕೆಲ್ಸ ಬಂತು" ಎಂದ. ಊರಿನ ಗದ್ದೆ ಹೋಗುವ ಸುದ್ದಿ ಕೇಳಿ ನನಗೆ ಮೊದಲು ಆದದ್ದು ಖುಷಿ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ನನಗೊಂದು ಸಣ್ಣ ಮುಜುಗರವೂ ಇತ್ತು. ನಮ್ಮ ಮನೆಯ ಹಂಚಿನ ಮಾಡಿನ ಮೇಲೆ ಸೋಲಾರಿನಲ್ಲಿ ನೀರು ಕಾಯಿಸುವ ಡಬ್ಬಿ ಇದೆ. ಬಂದವರಿಗೆಲ್ಲ ಅದನ್ನು ತೋರಿಸಿ, ಭೂಮಿ ಉಳಿಯಬೇಕಾದರೆ ಸೂರ್ಯನೇ ಗತಿ ಎಂದು ಭಾಷಣ ಮಾಡುವುದು ನನ್ನ ಚಟ. ಮಳೆಗಾಲದಲ್ಲಿ ಆ ಡಬ್ಬಿಯ ನೀರು ಕಪ್ಪೆಗೂ ಚಳಿ ಹುಟ್ಟಿಸುವಂತಿರುತ್ತದೆ, ಆಗ ಗಂಗೂ ಹಂಡೆಗೆ ಕಟ್ಟಿಗೆ ಒಟ್ಟುತ್ತಾಳೆ. ಅದನ್ನು ನಾನು ಭಾಷಣದಲ್ಲಿ ಸೇರಿಸುವುದಿಲ್ಲ.

ಕಾಮಿ ಒಂದು ಮಧ್ಯಾಹ್ನ ಬಸಳೆ ಕಟ್ಟು ಹಿಡಿದು ಬಂದು ಜಗಲಿಯ ಮೇಲೆ ಕೂತಳು. "ನಾಯ್ಕರೆ, ಈ ಶೂನ್ಯ ಅಂದ್ರೆ ಎಂತದು?"

ನಾನು ಗಂಟಲು ಸರಿಮಾಡಿಕೊಂಡು ಹೊಗೆ, ಇಂಗಾಲ, ಬಿಸಿಯಾಗುತ್ತಿರುವ ಸಮುದ್ರ ಎಲ್ಲ ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿದಳು.

"ಹೊಗೆ ಬಿಟ್ಟೋರು ಯಾರು ಹಂಗಾರೆ?"

"ದೊಡ್ಡ ದೊಡ್ಡ ದೇಶ, ಕಾರ್ಖಾನೆ, ಪೇಟೆ ಮಂದಿ."

"ನಂದೂ ಒಲೆ ಹೊಗೆ ಅದೆ, ಇಲ್ಲಾ ಅಂಬುದಿಲ್ಲ. ಅದ್ರ ಪಾಲಿಗೆ ಬೇಕಾರೆ ಗಜನಿ ಮೂಲೆಲಿ ಒಂದ್ ಚಾಪೆ ಹಾಸುವಷ್ಟು ಜಾಗ ತಗಳ್ಲಿ. ಪೂರಾ ಎಂತಕೆ ಬೇಕು? ಸೂರ್ಯ ಬ್ಯಾಡ ಅಂತ ನಾ ಹೇಳ್ಲಿಲ್ಲ. ಭತ್ತ ಒಣಗೂಕೆ ನಂಗೂ ಅವ್ನೇ ಬೇಕು."

ಇದನ್ನು ಹಾಗೆಯೇ ಬರೆದಿದ್ದರೆ ಸಾಕಿತ್ತು. ನಾನು ಹನ್ನೊಂದು ಪುಟ ಬರೆದೆ. 'ಘನತೆವೆತ್ತ' ಎಂಬ ಪದ ಒಂಬತ್ತು ಸಲ ಬಂದಿತ್ತು. ಕಾಮಿ ಎಂದಿನಂತೆ ನೋಡದೆ ಹೆಬ್ಬೆಟ್ಟು ಒತ್ತಿದಳು.

ಸಭೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತೆ. ಹೊಸ ವಿದ್ಯುತ್ತಿನ ಸಭೆ ಶುರುವಾದ ಹತ್ತು ನಿಮಿಷಕ್ಕೆ ಹಳೆ ವಿದ್ಯುತ್ತು ಹೋಯಿತು. ಹೊರಗೆ ಡೀಸೆಲ್ ಜನರೇಟರ್ ಗಡಗಡ ಎಂದಿತು, ಕಿಟಕಿಯಿಂದ ಹೊಗೆ ಒಳಗೆ ಬಂತು. ಕಾಮಿ ಹಿಂದಿನ ಸಾಲಿನಿಂದ ನನ್ನ ಕಡೆ ಬಗ್ಗಿ "ಇದು ಯಾರ ಪಾಲಿಗೆ?" ಎಂದು ಕೇಳಿದಳು. ಜನ ನಕ್ಕರು, ವೇದಿಕೆಯ ಮೇಲಿದ್ದ ಅಧಿಕಾರಿಯೂ ನಕ್ಕರು. ಚಿಕ್ಕ ಪ್ರಾಯದ ಹೆಣ್ಣುಮಗಳು, ಮುಂದೆ ದಪ್ಪ ಫೈಲು. ಅಲ್ಲಿಯವರೆಗೆ ಎಲ್ಲ ನಮ್ಮ ಪರವಾಗಿಯೇ ಇತ್ತು.

ನಾನು ಎದ್ದು ಹನ್ನೊಂದು ಪುಟ ಓದಿದೆ. ಆರನೆಯ ಪುಟಕ್ಕೆ ನಮ್ಮವರೇ ಆಕಳಿಸತೊಡಗಿದ್ದರು. ಅಧಿಕಾರಿ ಪೂರ್ತಿ ಕೇಳಿ, ಫೈಲಿನಿಂದ ಒಂದು ಹಳದಿಯಾದ ಕಾಗದ ತೆಗೆದು ನನ್ನೆದುರು ಹಿಡಿದರು. "ಇದು ನಿಮ್ಮ ಸಹಿಯೇ ಅಲ್ಲವೇ?"

ನನ್ನ ಸಹಿಯನ್ನು ನನ್ನದಲ್ಲ ಎನ್ನುವಂತಿಲ್ಲ. ಅದಕ್ಕೊಂದು ಗಾಳಿಪಟದ ಬಾಲ ಇದೆ, ಕೆಳಗೆ ಎರಡು ಚುಕ್ಕೆ. ಕಾರವಾರದ ಕಚೇರಿಗಳಲ್ಲೆಲ್ಲ ಆ ಬಾಲ ಪರಿಚಿತ. ನಾನು ಹೆಮ್ಮೆಯಿಂದಲೇ "ಹೌದು, ಅದೇ ಮನವಿಯಿಂದ ಕಲ್ಲಿದ್ದಲು ಸ್ಥಾವರ ನಿಂತದ್ದು" ಎಂದೆ.

"ಮೂರನೆಯ ಪುಟ ಓದುತ್ತೇನೆ, ಕೇಳಿ," ಎಂದು ಅವರು ಓದಿದರು. "ಕಲ್ಲಿದ್ದಲಿನ ಬದಲು ಸೂರ್ಯನಿಂದ ವಿದ್ಯುತ್ ಪಡೆಯುವ ಪುಣ್ಯಕಾರ್ಯಕ್ಕೆ ಘನತೆವೆತ್ತ ಸರ್ಕಾರ ಮುಂದಾದಲ್ಲಿ, ಯಾವ ಬೆಳೆಯೂ ಬೆಳೆಯದ ನಮ್ಮ ಪಾಳು ಗಜನಿಯನ್ನು ನಾವೇ ನಗುನಗುತ್ತಾ ಬಿಟ್ಟುಕೊಡುವೆವು." ಓದಿ ತಲೆಯೆತ್ತಿದರು. "ಕೆಳಗೆ ಮೊದಲ ಹೆಬ್ಬೆಟ್ಟು, ಕಾಮಿ ಗೌಡ. ಅವರು ಬಂದಿದ್ದಾರೆಯೇ?"

ಆ ಸಾಲು ನನಗೆ ಚೆನ್ನಾಗಿಯೇ ನೆನಪಾಯಿತು. ಮೂರನೆಯ ಪುಟದಲ್ಲಿ ಸ್ವಲ್ಪ ಜಾಗ ಖಾಲಿ ಉಳಿದಿತ್ತು. ಬರೀ ಬೇಡ ಬೇಡ ಎಂದರೆ ಚೆಂದವಲ್ಲ, ಕೊನೆಗೊಂದು ಉದಾರವಾದ ಮಾತಿರಲಿ ಎಂದು ಬರೆದಿದ್ದೆ. ಆರು ತಿಂಗಳು ಮಳೆ ಹೊಯ್ಯುವ ಈ ಊರಿಗೆ ಸೂರ್ಯನ ಕರೆಂಟು ಮಾಡಲು ಯಾರು ಬರುತ್ತಾರೆ ಎಂಬ ಧೈರ್ಯ ಬೇರೆ. ನನ್ನ ಮನೆ ದಿಬ್ಬದ ಮೇಲಿದೆ, ನನಗೆ ಒಂದು ಗುಂಟೆ ಗಜನಿಯೂ ಇಲ್ಲ. ನನ್ನದಲ್ಲದ ಗದ್ದೆಯನ್ನು ನಗುನಗುತ್ತಾ ಬಿಟ್ಟುಕೊಡಲು ನನಗೇನು ಕಷ್ಟ.

ಹಿಂದಿನ ಸಾಲಿನಿಂದ ಕಾಮಿ ಎದ್ದು ನಿಂತಳು. ಅವಳು ಅಧಿಕಾರಿಯ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು.

"ನಾಯ್ಕರೆ, ನಾ ಹಂಗೆ ಹೇಳಿದ್ನಾ?"

ಪಕ್ಕದಲ್ಲಿದ್ದ ಮಂಗೇಶ "ಮಾಮ, ನೆನಪಿಲ್ಲ ಅನ್ನಿ" ಎಂದು ಪಿಸುಗುಟ್ಟಿದ. ಅದು ಸುಲಭವಿತ್ತು, ಅರವತ್ತೇಳರ ಮುದುಕನ ಮರೆವನ್ನು ಯಾರೂ ತಪ್ಪೆನ್ನುವುದಿಲ್ಲ. ಕಾಗದ ಬದಲಾಯಿಸಿದ್ದಾರೆ ಎಂದು ಕೂಗಾಡಬಹುದಿತ್ತು, ನಮ್ಮವರು ಮುಷ್ಟಿ ಎತ್ತಿ ಘೋಷಣೆಯನ್ನೂ ಹಾಕುತ್ತಿದ್ದರು. ನಿಜ ಹೇಳಿದರೆ ಮಾತ್ರ ಐವತ್ತು ವರ್ಷದ ನನ್ನ ಅಕ್ಷರ ಆ ಸಭೆಯಲ್ಲಿ ಮಣ್ಣುಪಾಲು. ನಾನು ತಲೆಯ ಮೇಲಿನ ತೂಗುಫ್ಯಾನು ನೋಡಿದೆ, ಅಂಗಿಯ ಗುಂಡಿ ನೋಡಿದೆ. ಕಾಮಿ ಕೂರಲಿಲ್ಲ.

"ಇಲ್ಲ ಕಾಮಕ್ಕ," ಎಂದೆ. "ನೀನು ಹೇಳಲಿಲ್ಲ. ನಾನೇ ಬರೆದದ್ದು. ನಿನಗೆ ಓದಿಯೂ ಹೇಳಲಿಲ್ಲ. ಆ ನೂರಾ ಎಂಬತ್ತು ಮಂದಿಯಲ್ಲಿ ಯಾರಿಗೂ ಓದಿ ಹೇಳಲಿಲ್ಲ."

ಅಧಿಕಾರಿ ಕನ್ನಡಕ ತೆಗೆದರು. "ಹಾಗಾದರೆ ಈ ಹಳೆ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಹೊಸ ಹನ್ನೊಂದು ಪುಟಕ್ಕೂ ಓದಿ ಹೇಳದೆಯೇ ಹೆಬ್ಬೆಟ್ಟು ಬಿದ್ದಿದ್ದರೆ ಅದನ್ನೂ ತೆಗೆದುಕೊಳ್ಳುವಂತಿಲ್ಲ. ಸಭೆ ಮುಗಿಯುವುದರೊಳಗೆ ಅವರು ಹೇಳಿದ್ದನ್ನೇ ಬರೆದು ತನ್ನಿ," ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೊರಗಿನ ಕಟ್ಟೆಯ ಮೇಲೆ ಕೂತೆವು. ಗಜನಿಯ ಹೆಂಗಸರು ಸುತ್ತ ನಿಂತರು. ನಾನು ಅಭ್ಯಾಸಬಲದಿಂದ 'ಘನತೆವೆತ್ತ' ಎಂದು ಬರೆದೆ.

"ಎಂತ ಬರ್ದ್ರಿ? ಓದಿ," ಎಂದಳು ಕಾಮಿ. ಓದಿದೆ.

"ಅದ್ನ ಹೊಡೀರಿ."

ಹೊಡೆದೆ. ಮುಂದೆ 'ಅನಾದಿ ಕಾಲದಿಂದಲೂ' ಎಂದು ಬರೆದೆ. ಅದನ್ನೂ ಹೊಡೆಸಿದಳು. "ಅನಾದಿ ಯಾರು ಕಂಡೋರು? ನಾ ಮದ್ವೆಯಾಗಿ ಬಂದಾಗಿಂದ ಅಂತ ಬರೀರಿ." ಪ್ರತಿ ಸಾಲಿಗೂ ಓದಿಸಿದಳು. ಶಾಲೆಯಲ್ಲಿ ಮಾಸ್ತರರೂ ನನ್ನನ್ನು ಹಾಗೆ ನಿಲ್ಲಿಸಿ ತಿದ್ದಿರಲಿಲ್ಲ. ಕೊನೆಗೆ ಉಳಿದದ್ದು ಇಷ್ಟು: "ನಾನು ಮದುವೆಯಾಗಿ ಬಂದಾಗಿನಿಂದ ಈ ಗಜನಿಯಲ್ಲಿ ಮಳೆಗಾಲ ಕಗ್ಗ ಬೆಳೆದಿದ್ದೇನೆ, ಬೇಸಿಗೆ ಸಿಗಡಿ ಹಿಡಿದಿದ್ದೇನೆ. ಇದು ಪಾಳಲ್ಲ, ಬಂದು ನೋಡಿ. ಹಿಂದೆ ಕೊಡುತ್ತೇವೆ ಅಂದದ್ದು ನಾವಲ್ಲ, ಬರೆದವರು. ಬಿಸಿಲು ಬೇಕಾದರೆ ಊರಿನ ಮಾಡುಗಳ ಮೇಲೆ ಹಿಡಿಯಿರಿ, ಮೊದಲು ನಾಯ್ಕರ ಮಾಡಿನಿಂದ ಶುರು ಮಾಡಿ."

ಹೆಂಗಸರು ನಕ್ಕರು. ನನಗೂ ನಗು ಬಂತು, ಅದರ ಬೆನ್ನಿಗೇ ಕಣ್ಣೂ ಒದ್ದೆಯಾಯಿತು. ನಾನು ಇಷ್ಟು ಒಳ್ಳೆಯ ಮನವಿಯನ್ನು ಯಾವತ್ತೂ ಬರೆದಿರಲಿಲ್ಲ, ಇದನ್ನೂ ನಾನು ಬರೆದದ್ದಲ್ಲ.

ಕಾಮಿ ಹೆಬ್ಬೆಟ್ಟು ಒತ್ತಿದಳು, ಉಳಿದವರೂ ಒತ್ತಿದರು. ನಾನು ಪೆನ್ನಿನ ಟೋಪಿ ತೆಗೆದೆ. ಅವಳು ಕೈ ಅಡ್ಡ ಹಿಡಿದಳು.

"ನಿಮ್ ಸೈ ಬ್ಯಾಡ ನಾಯ್ಕರೆ. ಆ ಬಾಲ ಕಂಡ್ರೆ ಅವ್ರು ಮತ್ತೆ ಹಳೇದು ತೆಗಿತ್ರು. ನೀವೂ ಹೆಬ್ಬೆಟ್ಟೇ ಒತ್ತಿ."

ಒತ್ತಿದೆ. ಎಲ್ಲರ ಕೆಳಗೆ, ಕೊನೆಯಲ್ಲಿ.

ಅಧಿಕಾರಿ ಅದನ್ನು ಓದಿ, ನನ್ನ ನೀಲಿ ಬೆರಳನ್ನೊಮ್ಮೆ ನೋಡಿ, ನಕಲು ಪ್ರತಿಯ ಮೇಲೆ ಎರಡು ಸಾಲು ಬರೆದು ಮೊಹರು ಹಾಕಿ ಕೊಟ್ಟರು. ಹೊರಗೆ ಬಂದಾಗ ಕಾಮಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. "ಎಂತ ಬರ್ದಾರೆ?"

"ಜಾಗ ನೋಡಲು ಅವರೇ ಬರುತ್ತಾರಂತೆ. ತೀರ್ಮಾನ ಆಗುವವರೆಗೆ ಬಿತ್ತನೆಗೆ ಅಡ್ಡಿಯಿಲ್ಲ ಎಂದು ಬರೆದಿದ್ದಾರೆ."

"ಈ ಮಳೆಗೆ ಬಿತ್ತೂಕೆ ಅಡ್ಡಿ ಇಲ್ಲಾ?"

"ಇಲ್ಲ ಕಾಮಕ್ಕ."

ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಸಿಟ್ಟಿನಿಂದಲ್ಲ, ಎಂದಿನ ಮೆತ್ತಗಿನ ಕೈಯಿಂದಲೇ. ಪಕ್ಕದಲ್ಲಿದ್ದ ಸೊಸೆಗೆ ಅದನ್ನು ಕೊಟ್ಟು, "ಭವ್ಯಾ, ನೀ ಓದು," ಎಂದಳು.